ಕುಮಾರ ಪರ್ವತ ಚಾರಣ: ಏರುವ ಮೊದಲೇ ಇಳಿಯುವ ಲೆಕ್ಕ

ಪುತ್ತೂರು, ಸುಳ್ಯ, ಕಡಬ ಸೀಮೆಯ ಪೂರ್ವಕ್ಕಿರುವ ಘಟ್ಟದ ಸಾಲಿನಲ್ಲಿ ಚಾರಣಿಗರನ್ನು, ಅಂದರೆ ಬೆಟ್ಟದ ಹಾದಿಯನ್ನು ಕಾಲ್ನಡಿಗೆಯಲ್ಲಿ ಏರುವ ಹವ್ಯಾಸಿಗಳನ್ನು, ಅತಿ ಹೆಚ್ಚಾಗಿ ಸೆಳೆಯುವುದು ಕುಮಾರ ಪರ್ವತ. ಕೊಡಗಿನವರು ಪುಷ್ಪಗಿರಿ ಎಂದು ಕರೆಯುವ, 1,712 ಮೀಟರ್ ಎತ್ತರದ ಈ ಶಿಖರ ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ್ದರೂ, ಅದರ ಹೆಸರುವಾಸಿಯಾದ ಹಾದಿ ಆರಂಭವಾಗುವುದು ಹಿಂದೆ ಸುಳ್ಯ ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿರುವ ಕುಕ್ಕೆ ಸುಬ್ರಹ್ಮಣ್ಯದಿಂದ. ಇದಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯ ಸಮೀಪದವರೆಗೆ ವಾಹನ ಹೋಗುತ್ತದೆ. ಇಲ್ಲಿಯಾದರೋ ಕರಾವಳಿಯ ತಗ್ಗಿನಿಂದ 1,500 ಮೀಟರಿಗೂ ಹೆಚ್ಚು ಎತ್ತರವನ್ನು ಕಾಲಿನ ಬಲದಿಂದಲೇ ಏರಿ, ಅದೇ ದಿನ ಅಷ್ಟನ್ನೂ ಇಳಿಯಬೇಕು. ಆದ್ದರಿಂದ ಈ ಚಾರಣದ ಸಿದ್ಧತೆಯೆಂದರೆ ಮುಖ್ಯವಾಗಿ ಇಳಿಯುವುದಕ್ಕೆ ಬೇಕಾದ ಬೆಳಕನ್ನೂ ಕಸುವನ್ನೂ ಮೊದಲೇ ಉಳಿಸಿಟ್ಟುಕೊಳ್ಳುವುದು.

ಮೊದಲ ಹೆಜ್ಜೆ ಅನುಮತಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲು ರಜೆಗೆ ಸಾವಿರಾರು ಮಂದಿ ಒಮ್ಮೆಗೇ ಬೆಟ್ಟಕ್ಕೆ ನುಗ್ಗಿದ ಬಳಿಕ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ತಡೆಹಿಡಿದು, ಒಂದು ಹಾದಿಗೆ ದಿನಕ್ಕೆ 300 ಮಂದಿಯ ಮಿತಿಯನ್ನೂ ಆನ್‌ಲೈನ್ ನೋಂದಣಿಯನ್ನೂ ಜಾರಿಗೆ ತಂದಿತು. ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಿನಾಂಕವನ್ನೂ ಹಾದಿಯನ್ನೂ ಆರಿಸಿ ಶುಲ್ಕ ಪಾವತಿಸಿದವರು ಟಿಕೆಟ್ ಮತ್ತು ಗುರುತಿನ ಚೀಟಿಯನ್ನು ಜೊತೆಗಿಟ್ಟುಕೊಳ್ಳಬೇಕು. ಬೆಟ್ಟದ ಮೇಲೆ ಡೇರೆ ಹಾಕಿ ರಾತ್ರಿ ಕಳೆಯಲು ಅವಕಾಶವಿಲ್ಲ. ಹಾದಿಯ ಮೇಲ್ಭಾಗ ಪುಷ್ಪಗಿರಿ ವನ್ಯಜೀವಿಧಾಮಕ್ಕೆ, ಅಂದರೆ ಕಾಡುಪ್ರಾಣಿಗಳ ರಕ್ಷಣೆಗೆಂದೇ ಕಾನೂನಿನಂತೆ ಮೀಸಲಿಟ್ಟ ಅರಣ್ಯಕ್ಕೆ, ಸೇರಿದ್ದು, ಅದು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದಾಗಿರುವುದರಿಂದ ಈ ಕಟ್ಟುಪಾಡು ನ್ಯಾಯವಾದದ್ದೇ ಆಗಿದೆ.

ದಿನಾಂಕ ಆರಿಸುವಾಗ ಮಳೆ ಮತ್ತು ಬೆಂಕಿ ಎರಡನ್ನೂ ಗಮನಿಸಬೇಕು. ಮಳೆಗಾಲದಲ್ಲಿ ಹಾದಿ ಮುಚ್ಚಿರುತ್ತದೆ; 2018ರ ಆಗಸ್ಟ್‌ನಲ್ಲಿ ಸುಳ್ಯ–ಮಡಿಕೇರಿ ರಸ್ತೆಯ ಜೋಡುಪಾಲದಲ್ಲಿ, 2022ರ ಆಗಸ್ಟ್‌ನಲ್ಲಿ ಸುಬ್ರಹ್ಮಣ್ಯದಲ್ಲೇ ಗುಡ್ಡ ಕುಸಿದು ಜೀವಹಾನಿಯಾದುದನ್ನು ನೆನೆದರೆ ಅದರ ಕಾರಣವನ್ನು ಬೇರೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುವುದರಿಂದ ಆಗಲೂ ಪ್ರವೇಶ ನಿಲ್ಲಿಸುವುದುಂಟು. ಹೀಗಾಗಿ ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿ ಸೂಕ್ತ. ಈ ನಡುವೆ ಬರುವ ಚಂಪಾಷಷ್ಠಿಯ ದಿನಗಳಲ್ಲಿ, ಮಲೆಕುಡಿಯ ಸಮುದಾಯದವರು ಕಾಡಿನ ಬೆತ್ತದಿಂದ ಕಟ್ಟಿ ಸಿಂಗರಿಸುವ ಬ್ರಹ್ಮರಥವನ್ನು ನೋಡಲು ಜನಸಾಗರವೇ ಸೇರಿ ಕುಕ್ಕೆಯಲ್ಲಿ ವಸತಿ ದುರ್ಲಭವಾಗುವುದರಿಂದ, ಚಾರಣವನ್ನಷ್ಟೇ ಬಯಸುವವರು ಬೇರೆ ದಿನ ನೋಡಿಕೊಳ್ಳುವುದು ಲೇಸು.

ಕನಿಷ್ಠ ಮೂರು ವಾರ ಮೊದಲೇ ದೇಹವನ್ನು ಹದಗೊಳಿಸಬೇಕು. ಪುತ್ತೂರಿನವರಿಗೆ ಪೇಟೆಯ ಪಕ್ಕದಲ್ಲೇ ಇರುವ ಬೀರಮಲೆ ಗುಡ್ಡ, ಸುಳ್ಯದವರಿಗೆ ತೊಡಿಕಾನ ದೇವಸ್ಥಾನದಿಂದ ದೇವರಗುಂಡಿ ಜಲಪಾತದ ಕಡೆಗಿನ ನಡಿಗೆ ಅಭ್ಯಾಸಕ್ಕೆ ಸಾಕು. ಬೆನ್ನಿನ ಚೀಲದಲ್ಲಿ ನೀರು ತುಂಬಿಕೊಂಡು ಏರಿ, ಏರಿದಷ್ಟೇ ಎಚ್ಚರದಿಂದ ಇಳಿಯುವುದನ್ನು ರೂಢಿಸಿಕೊಂಡರೆ ಮೊಣಕಾಲು ಮುಂದೆ ಕೈಕೊಡುವುದಿಲ್ಲ. ಚೀಲದಲ್ಲಿ ತಲಾ ಮೂರು ಲೀಟರ್ ನೀರು, ಅವಲಕ್ಕಿ, ಬೆಲ್ಲ, ಬಾಳೆಹಣ್ಣಿನಂತಹ ಬೇಗ ಕೆಡದ ಬುತ್ತಿ, ಟಾರ್ಚ್, ತೆಳುವಾದ ರೇನ್‌ಕೋಟ್, ಟೋಪಿ ಮತ್ತು ಪ್ರಥಮ ಚಿಕಿತ್ಸೆಯ ಸಾಮಗ್ರಿ ಇದ್ದರೆ ಸಾಲದೆಂಬುದಿಲ್ಲ. ಬೂಟಿನ ಅಡಿಭಾಗ ಸವೆದಿರಬಾರದು, ಹೊಚ್ಚ ಹೊಸದೂ ಆಗಿರಬಾರದು.

ಮಳೆ ನಿಂತ ಮೊದಲ ತಿಂಗಳುಗಳಲ್ಲಿ ಹಾದಿಯ ತರಗೆಲೆಗಳಲ್ಲಿ ಉಂಬಳಗಳು, ಅಂದರೆ ನೆಲದ ಮೇಲಿನ ಜಿಗಣೆಗಳು, ಹೇರಳವಾಗಿರುತ್ತವೆ. ಅವು ಕಚ್ಚಿದಾಗ ಎಳೆದು ಕೀಳದೆ ಸ್ವಲ್ಪ ಉಪ್ಪನ್ನೋ ಸುಣ್ಣವನ್ನೋ ಮುಟ್ಟಿಸಿದರೆ ತಾವಾಗಿಯೇ ಉದುರುತ್ತವೆ. ಉಂಬಳಕ್ಕಿಂತ ಹೆಚ್ಚು ಗಮನ ಬೇಕಾದದ್ದು ಉಣುಗಿನ ಬಗ್ಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ ಮತ್ತು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ; ಆದ್ದರಿಂದ ಉದ್ದ ತೋಳಿನ ಅಂಗಿ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ನಡೆದು, ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು. ನಂತರದ ದಿನಗಳಲ್ಲಿ ತೀವ್ರ ಜ್ವರ ಬಂದರೆ ಕಾಡಿಗೆ ಹೋಗಿಬಂದ ಸಂಗತಿಯನ್ನು ವೈದ್ಯರಿಗೆ ತಿಳಿಸಲೇಬೇಕು.

ರೈಲಿನಲ್ಲಿ ಬರುವವರು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದು ಹನ್ನೆರಡು ಕಿಲೋಮೀಟರ್‌ನಷ್ಟು ರಸ್ತೆ ಪ್ರಯಾಣ ಮಾಡಬೇಕು. ಸಕಲೇಶಪುರದ ಕಡೆಯಿಂದ ರೈಲು ಹಳಿಯ ಮೇಲೆಯೇ ನಡೆದು ಬರುವ ಹಿಂದಿನ ಅಭ್ಯಾಸ ನಿಷಿದ್ಧವೂ ಪ್ರಾಣಾಪಾಯದ್ದೂ ಆಗಿದೆ. ಹಿಂದಿನ ಸಂಜೆಯೇ ಕುಕ್ಕೆ ತಲುಪಿ, ಬೆಳಿಗ್ಗೆ ಆರರ ಸುಮಾರಿಗೆ ದೇವರಗದ್ದೆಯ ಕಡೆಯಿಂದ ಕಾಡು ಹೊಗುವಂತಿರಬೇಕು.

ಹಾದಿಯ ಮೊದಲ ಭಾಗ ಗಿರಿಗದ್ದೆಯವರೆಗಿನ ನಿತ್ಯಹರಿದ್ವರ್ಣ ಕಾಡು, ಅಂದರೆ ವರ್ಷವಿಡೀ ಎಲೆ ಹಸಿರಾಗಿಯೇ ಇರುವ ದಟ್ಟ ಅರಣ್ಯ. ಇಲ್ಲಿ ಮಣ್ಣು ತೊಳೆದುಹೋಗಿ ಮರದ ಬೇರುಗಳೇ ಮೆಟ್ಟಿಲುಗಳಾಗಿವೆ. ಸಾವಿರಾರು ಪಾದಗಳು ತುಳಿದು ನುಣುಪಾದ ಆ ಬೇರುಗಳು ಬೆಳಗಿನ ತೇವದಲ್ಲಿ ಜಾರುವುದರಿಂದ ಹೆಜ್ಜೆಯನ್ನು ಬೇರಿನ ಮೇಲಲ್ಲ, ಅದರ ಹಿಂದಿನ ಮಣ್ಣಿನಲ್ಲಿ ಊರಬೇಕು. ನಡುವೆ ಸಿಗುವ ಭೀಮನ ಬಂಡೆ ಮೊದಲ ವಿಶ್ರಾಂತಿಗೆ ತಕ್ಕ ಸ್ಥಳ. ಚಾರಣಿಗರ ನಾಲಿಗೆಯಲ್ಲಿ ‘ಭಟ್ಟರ ಮನೆ’ ಎಂದೇ ಪ್ರಸಿದ್ಧವಾದ ಮನೆಯಿರುವ ಗಿರಿಗದ್ದೆಯನ್ನು ಒಂಬತ್ತರೊಳಗೆ ಮುಟ್ಟಿ, ಬಾಟಲಿಗಳನ್ನು ಪೂರ್ತಿ ತುಂಬಿಸಿಕೊಳ್ಳಬೇಕು. ಅರಣ್ಯ ಇಲಾಖೆಯ ತಪಾಸಣೆಯೂ ಇಲ್ಲಿಯೇ ಹತ್ತಿರದಲ್ಲಿದೆ.

ಗಿರಿಗದ್ದೆಯಿಂದಾಚೆ ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ನೋಟಕ್ಕೆ ಅತ್ಯಂತ ಸೊಗಸಾದ ಈ ಭಾಗವೇ ದೇಹಕ್ಕೆ ಅತ್ಯಂತ ಕಠಿಣವಾದದ್ದು, ಏಕೆಂದರೆ ತಲೆಯ ಮೇಲೆ ನೆರಳೆಂಬುದಿಲ್ಲ. ಕಲ್ಲಿನ ಮಂಟಪದ ಬಳಿಯ ತೊರೆಯಲ್ಲಿ ನೀರು ಸಿಗಬಹುದಾದರೂ ಅದನ್ನೇ ನಂಬಿ ಹೋಗುವುದು ತರವಲ್ಲ. ಮಂಟಪದಿಂದ ಶೇಷ ಪರ್ವತದವರೆಗೆ ಏರು ಕಡಿದಾಗುತ್ತದೆ. ಅಲ್ಲಿಂದ ಹಾದಿ ಒಮ್ಮೆ ಕೆಳಗಿಳಿದು ಶೋಲಾ ಕಾಡನ್ನು, ಎಂದರೆ ಹುಲ್ಲುಗಾವಲಿನ ಕಣಿವೆಗಳಲ್ಲಿ ಒತ್ತಾಗಿ ಬೆಳೆದ ಗಿಡ್ಡ ಮರಗಳ ತೋಪನ್ನು, ಹಾದು, ನೀರು ಜಿನುಗುವ ಬಂಡೆಯೊಂದನ್ನು ಹತ್ತಿಸಿ ಕುಮಾರ ಪರ್ವತದ ನೆತ್ತಿಗೆ ತಲುಪಿಸುತ್ತದೆ. ಆ ಬಂಡೆಯ ಮೇಲೆ ಕೈಗಳನ್ನೂ ಊರಿ ಏರಬೇಕು, ಇಳಿಯುವಾಗ ಕುಳಿತು ಜಾರಿದರೂ ನಾಚಿಕೆಪಡಬೇಕಿಲ್ಲ.

ಇಡೀ ದಿನದ ಮುಖ್ಯ ತೀರ್ಮಾನ ಹಿಂದಿರುಗುವ ಗಂಟೆಯದು. ಹನ್ನೊಂದಕ್ಕೆ ಮಂಟಪವನ್ನೂ ದಾಟಲಾಗದ ತಂಡ ಅಲ್ಲಿಂದಲೇ ಮರಳಬೇಕು. ಮುಂದೆ ಸಾಗಿದವರು ಎಲ್ಲಿದ್ದರೂ ಮಧ್ಯಾಹ್ನ ಒಂದಕ್ಕೆ ಇಳಿಯತೊಡಗಬೇಕು. ಇಳಿಯಲು ನಾಲ್ಕೈದು ಗಂಟೆ ಬೇಕಾಗುತ್ತದೆ, ಚಳಿಗಾಲದಲ್ಲಿ ಆರಕ್ಕೆ ಕತ್ತಲು ಕವಿಯುತ್ತದೆ, ಗಿರಿಗದ್ದೆಯ ಕೆಳಗಿನ ದಟ್ಟ ಕಾಡಿನಲ್ಲಿ ಅದಕ್ಕೂ ಮೊದಲೇ ಮಬ್ಬಾಗುತ್ತದೆ. ಇದು ಆನೆಗಳ ಸೀಮೆಯೂ ಹೌದು. 2023ರ ಫೆಬ್ರವರಿಯಲ್ಲಿ ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಆನೆ ದಾಳಿಗೆ ಇಬ್ಬರು ಬಲಿಯಾಗಿದ್ದರು. ಹಸಿ ಲದ್ದಿಯೋ ಮುರಿದ ಕೊಂಬೆಯ ಸದ್ದೋ ಎದುರಾದರೆ ಫೋಟೊದ ಆಸೆ ಬಿಟ್ಟು, ತಂಡವನ್ನು ಒಟ್ಟಾಗಿಸಿ, ಸದ್ದಿಲ್ಲದೆ ಹಿಂದೆ ಸರಿಯಬೇಕು.

ಕೊನೆಯದಾಗಿ ಕಸ. ಈ ಬೆಟ್ಟದ ಕಡೆಯಿಂದ ಹರಿದು ಬರುವ ಕುಮಾರಧಾರೆ ಕುಕ್ಕೆಯನ್ನು ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ, ಅಲ್ಲಿನ ನೆಕ್ಕಿಲಾಡಿಯ ಕಿಂಡಿ ಅಣೆಕಟ್ಟಿನಿಂದ ಪುತ್ತೂರು ನಗರಕ್ಕೆ ಕುಡಿಯುವ ನೀರು ಪೂರೈಕೆಯಾಗುತ್ತದೆ. ಬಿಸ್ಕತ್ತಿನ ಹೊದಿಕೆ, ಖಾಲಿ ಬಾಟಲಿ, ಔಷಧದ ಪಟ್ಟಿ ಯಾವುದನ್ನೂ ಮೇಲೆ ಬಿಡದೆ, ಒಯ್ದ ಚೀಲದಲ್ಲೇ ಕುಕ್ಕೆಯವರೆಗೆ ಇಳಿಸಿ ತರಬೇಕೆಂಬುದು ಪ್ರತಿಯೊಬ್ಬ ಚಾರಣಿಗರಲ್ಲಿ ವಿನಂತಿ.