ಕಾಗೆಗೆ ಕವಣೆ ಬೀಸುವ ಮುನ್ನ

ಮುಸುಕಿನ ಜೋಳ ಬಿತ್ತಿ ಮೊಳಕೆ ಮೂಡುವ ಆ ಒಂದು ವಾರ ಸಂತೆಬಾಚಹಳ್ಳಿ ಹೋಬಳಿಯ ರೈತರಿಗೆ ಬೆಳಗಿನ ನಿದ್ದೆ ಇಲ್ಲ. ಸೂರ್ಯ ಏಳುವುದಕ್ಕೂ ಮೊದಲೇ ಕಾಗೆ ಸಾಲು ಹಿಡಿದು ಬರುತ್ತದೆ. ಮೊಳಕೆಯನ್ನು ಕೊಕ್ಕಿನಿಂದ ಎಳೆದು, ಬುಡದ ಕಾಳನ್ನಷ್ಟೇ ತಿಂದು, ಹಸಿರು ಕುಡಿಯನ್ನು ಸಾಲಲ್ಲೇ ಬಿಟ್ಟುಹೋಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ನಿಜ.

ಆದರೂ ವಿಷ ಬೆರೆಸಿದ ಕಾಳು ಮಾತ್ರ ಎರಚಬೇಡಿ, ದಯವಿಟ್ಟು. ಅದನ್ನು ಕಾಗೆಯೊಂದೇ ತಿನ್ನುವುದಿಲ್ಲ, ನವಿಲೂ ತಿನ್ನುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಹಕ್ಕಿ ಅದು. ಪಕ್ಕದ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಅದಕ್ಕೆಂದೇ ಧಾಮವಿದೆ. ಕಾಗೆಯನ್ನು ಕೊಲ್ಲಲು ಅವಕಾಶ ಕೊಟ್ಟಿದ್ದ ಉಪದ್ರವಿ ಪ್ರಾಣಿಗಳ ಹಳೆಯ ಪಟ್ಟಿಯೂ 2023ರ ಏಪ್ರಿಲ್ 1ರಿಂದ ಇಲ್ಲ.

ಬೆದರುಬೊಂಬೆ ನಿಲ್ಲಿಸಿ, ಆದರೆ ಒಂದೇ ಕಡೆ ಬಿಡಬೇಡಿ. ಮೂರನೇ ದಿನಕ್ಕೆ ಕಾಗೆ ಅದರ ತಲೆಯ ಮೇಲೇ ಕೂರುತ್ತದೆ. ದಿನಾ ಜಾಗ ಬದಲಿಸಿ, ಅಂಗಿ ಬದಲಿಸಿ. ಇನ್ನೊಂದು ಉಪಾಯ: ಕರಿಬಟ್ಟೆಯನ್ನು ಸತ್ತ ಕಾಗೆಯಂತೆ ಸುತ್ತಿ, ರೆಕ್ಕೆ ಜೋತುಬಿದ್ದಂತೆ ಉದ್ದನೆಯ ಕೋಲಿಗೆ ತಲೆಕೆಳಗಾಗಿ ಕಟ್ಟಿ. ಕಂಡ ಕಾಗೆಗಳು ಕೂಗಿ ಬಳಗವನ್ನೆಲ್ಲ ಕರೆಯುತ್ತವೆ, ಸುತ್ತಾಡುತ್ತವೆ, ಆಮೇಲೆ ಆ ಹೊಲಕ್ಕೆ ಇಳಿಯಲು ಹಿಂಜರಿಯುತ್ತವೆ. ಅಪಾಯ ತಂದ ಮನುಷ್ಯರ ಮುಖವನ್ನೂ ಕಾಗೆ ವರ್ಷಗಟ್ಟಲೆ ಮರೆಯುವುದಿಲ್ಲವೆಂದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ ಮುಖವಾಡ ಹಾಕಿ ಪರೀಕ್ಷಿಸಿ ತೋರಿಸಿದ್ದಾರೆ.

ಪೈರು ಗೇಣುದ್ದ ಆದಮೇಲೆ ಬೊಂಬೆ ಕಿತ್ತುಬಿಡಿ. ಮುಂದೆ ಉಳುಮೆಗೆ ಇಳಿದಾಗ ನೇಗಿಲ ಹಿಂದೆಯೇ ಬಂದು ಗೊಣ್ಣೆಹುಳು ಹೆಕ್ಕುವುದೂ ಇದೇ ಕಾಗೆ.