ಹಿತ್ತಲ ನಿಂಬೆ, ಬದುವಿನಾಚೆ ಹಿಪ್ಪುನೇರಳೆ

ಬೇತಮಂಗಲದ ಸುತ್ತಮುತ್ತ ಹಿತ್ತಲಲ್ಲೊಂದು ನಿಂಬೆ, ಬದುವಿನಾಚೆ ಹಿಪ್ಪುನೇರಳೆ ಇರುವ ಮನೆಗಳುಂಟು. ನಮ್ಮದೂ ಅಂಥದ್ದೇ. ನಿಂಬೆ ಚಿಗುರನ್ನು ಹುಳು ತಿಂದಿತು ಅಂತ ಟೊಮೆಟೊಗೆ ತಂದು ಉಳಿದ ಔಷಧಿಯನ್ನೇ ಹೊಡೆಯುವವರಿದ್ದಾರೆ. ಹೊಡೆಯುವ ಮೊದಲು ಒಂದು ಸಂಗತಿ ತಿಳಿದಿರಲಿ. ನಿಂಬೆ ಎಲೆ ತಿನ್ನುವುದು ಚಿಟ್ಟೆಯ ಮರಿ, ರೇಷ್ಮೆಹುಳು ಪತಂಗದ ಮರಿ. ಎರಡೂ ದಾಯಾದಿಗಳು. ಒಂದನ್ನು ಕೊಲ್ಲುವ ವಿಷ ಇನ್ನೊಂದನ್ನು ಬಿಡುವುದಿಲ್ಲ. ಗಾಳಿಗೆ ಹಾರಿದ ಹನಿ ಸೊಪ್ಪಿನ ಮೇಲೆ ಕೂತರೆ ನಾಲ್ಕನೇ ಜ್ವರ ದಾಟಿದ ಹುಳುವೂ ಹಣ್ಣಾಗದೆ ಸಾಯಬಹುದು. ನಾಲ್ಕು ನಿಂಬೆಹಣ್ಣಿಗಾಗಿ ಒಂದು ಬೆಳೆ ಗೂಡು ಕಳೆದುಕೊಂಡ ಹಾಗೆ.

ಸಾವಯವ ಅಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಬೇವು ಕೂಡ ರೇಷ್ಮೆಹುಳುವಿಗೆ ಆಗದು. ಬಿ.ಟಿ. ಪುಡಿಯ ಮಾತು ಕೇಳಲೇಬೇಡಿ. ಅದರಲ್ಲಿರುವ ಬ್ಯಾಕ್ಟೀರಿಯಾವನ್ನು 1901ರಲ್ಲಿ ಜಪಾನಿನ ಇಶಿವಾಟಾ ಮೊದಲು ಕಂಡದ್ದೇ ರೋಗ ತಗಲಿ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ!

ಒಂದೆರಡು ಮರಕ್ಕೆ ಕೈಯೇ ಸಾಕು. ಮಳೆ ಬಿದ್ದು ಚಿಗುರು ಬಂದಾಗ ನಾನು ದಿನ ಬಿಟ್ಟು ದಿನ ಬೆಳಿಗ್ಗೆ ಮರ ಸುತ್ತುತ್ತೇನೆ. ಎಳೆ ಎಲೆಯ ಮೇಲೆ ಸಾಸಿವೆಯಷ್ಟು ಸಣ್ಣ ತಿಳಿಹಳದಿ ಮೊಟ್ಟೆ ಒಂದೊಂದೇ ಇರುತ್ತದೆ. ಮರಿಹುಳು ಥೇಟ್ ಹಕ್ಕಿ ಹಿಕ್ಕೆ. ಕಣ್ಣು ಮೋಸಹೋಗುವುದು ಇಲ್ಲೇ. ಕಡ್ಡಿಯಿಂದ ಮುಟ್ಟಿ, ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ನಾತ ಹೊಡೆದರೆ ಅದೇ ಕಳ್ಳ. ಬಲಿತ ಮೇಲೆ ಹುಳು ಎಲೆಯಂತೆ ಹಸಿರು. ಕಿತ್ತು ಸೋಪಿನ ನೀರಿಗೆ ಹಾಕಿ. ಕರಿಬೇವನ್ನೂ ನೋಡಿ, ಈ ಚಿಟ್ಟೆ ಅಲ್ಲೂ ಮೊಟ್ಟೆ ಇಡುತ್ತದೆ.

ಎಲೆಯ ಮೇಲೆ ಬೆಳ್ಳಿ ಗೀರು ಎಳೆಯುವ ರಂಗೋಲಿ ಹುಳು ನೋಡಿ ಗಾಬರಿಯಾಗುವವರೇ ಜಾಸ್ತಿ. ಬೆಳೆದ ಮರ ಅದನ್ನು ತಾಳಿಕೊಳ್ಳುತ್ತದೆ. ಎಳೆ ಸಸಿಯಲ್ಲಿ ಮಾತ್ರ ಆ ಗಾಯದ ಮೂಲಕ ಕಜ್ಜಿರೋಗ ಹೊಗುತ್ತದೆ. ಅಂಥ ಎಲೆ ಚಿವುಟಿ ತೆಗೆಯಬೇಕು. ಯೂರಿಯಾ ಸುರಿದಷ್ಟೂ ಚಿಗುರು, ಚಿಗುರಿದಷ್ಟೂ ಹುಳು.

ಕಾಂಡದ ಮೇಲೆ ಇರುವೆ ಸಾಲು ಕಂಡರೆ ಮೇಲೆ ಹೇನೋ ಹಿಟ್ಟು ತಿಗಣೆಯೋ ಇದ್ದೀತು. ಅವು ಸುರಿಸುವ ಸಿಹಿ ಅಂಟಿಗಾಗಿ ಇರುವೆ ಕಾವಲು ನಿಂತು ಗುಲಗಂಜಿ ಹುಳುವನ್ನು ಓಡಿಸುತ್ತದೆ. ನೆಲಕ್ಕೆ, ಗೋಡೆಗೆ ತಾಗುವ ರೆಂಬೆ ಸವರಿ, ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ. ಎಲೆಯಡಿಗೆ ಪೈಪಿನ ನೀರು ರಭಸದಿಂದ ಬಿಡಿ. ಆದರೆ ಬೆಳ್ಳಗೆ ನೂಲಿನಂತೆ ಕಂಡದ್ದೆಲ್ಲ ಹಿಟ್ಟು ತಿಗಣೆಯಲ್ಲ. ಚುರುಕಾಗಿ ಓಡಾಡಿದರೆ ಅದು ತಿಗಣೆ ತಿನ್ನುವ ಗುಲಗಂಜಿ ಹುಳುವಿನ ಮರಿ ಇರಬಹುದು. 1898ರಲ್ಲಿ ಕಾಫಿಯ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ತರಿಸಿದ ಜಾತಿ ಅದು. ಅದನ್ನು ಅದರ ಪಾಡಿಗೆ ಬಿಡಿ.