ಹಲಸಿನ ಕಸಿಗಿಡ ಮಾರಾಟ: ನೆರೆಯವರೂ ಅದನ್ನೇ ಆರಂಭಿಸಿದಾಗ

ಕಸಿಗಿಡ ಮಾರುವ ರೈತನಿಗೆ ಒಂದು ವಿಚಿತ್ರ ತೊಡಕಿದೆ. ಅವನು ಮಾರಿದ ಪ್ರತಿಯೊಂದು ಗಿಡವೂ ಮುಂದೆ ಅವನ ಪ್ರತಿಸ್ಪರ್ಧಿಗೆ ತಾಯಿಗಿಡವಾಗಬಲ್ಲದು. ಕೊಂಡುಹೋದ ಗಿಡ ಚಿಗುರಿ ಬೆಳೆದರೆ ಅದರಿಂದಲೇ ಕಸಿಕಡ್ಡಿ ತೆಗೆಯಬಹುದು. ಹಾಲು ಕೊಂಡವನು ಹಸುವನ್ನು ಒಯ್ಯುವುದಿಲ್ಲ, ಗಿಡ ಕೊಂಡವನು ಮಾತ್ರ ತಳಿಯನ್ನೇ ಒಯ್ಯುತ್ತಾನೆ.

ಒಬ್ಬ ರೈತ ತನ್ನ ತೋಟದ ಕೆಂಪು ತೊಳೆಯ ಹಲಸನ್ನು ಗುರುತಿಸಿ, ಮೃದುಕಾಂಡ ಕಸಿ ಕಲಿತು, ನಾಲ್ಕಾರು ವರ್ಷ ದುಡಿದು ಗಿರಾಕಿಗಳನ್ನು ಸಂಪಾದಿಸಿಕೊಂಡಿದ್ದಾನೆ ಎಂದು ಭಾವಿಸಬಹುದು. ಅಷ್ಟರಲ್ಲಿ ಅದೇ ರಸ್ತೆಯ ಬದಿಯಲ್ಲಿ ಮತ್ತೊಂದು ನೆರಳುಮನೆ ಏಳುತ್ತದೆ. ಅದೇ ಚೀಲ, ಅದೇ ಗಿಡ, ಬೋರ್ಡಿನ ಬಣ್ಣವೂ ಅದೇ. ಬೆಲೆ ಮಾತ್ರ ಇಪ್ಪತ್ತು ರೂಪಾಯಿ ಕಡಿಮೆ. ಕಸಿ ಕಟ್ಟುವವನು ನಿನ್ನೆಯವರೆಗೆ ಈ ರೈತನಲ್ಲೇ ಕೂಲಿಗಿದ್ದವನು ಎಂದರಂತೂ ಹೊಟ್ಟೆಯುರಿ ಕೇಳಬೇಕಿಲ್ಲ.

ಬೆಲೆ ಇಳಿಸುವ ಮುನ್ನ

ಇಂಥ ಸಮಯದಲ್ಲಿ ಬಹುಮಂದಿ ಮಾಡುವ ಮೊದಲ ಕೆಲಸ ಬೆಲೆ ಇಳಿಸುವುದು. ಇದು ಸಾಮಾನ್ಯವಾಗಿ ತಪ್ಪು ಹೆಜ್ಜೆ. ಉದಾಹರಣೆಗೆ, ಬೇರುಸಸಿ, ಚೀಲ, ಗೊಬ್ಬರ, ಕೂಲಿ, ಹಿಡಿಯದೆ ಸತ್ತ ಗಿಡಗಳ ನಷ್ಟ ಎಲ್ಲ ಸೇರಿ ಗಿಡವೊಂದಕ್ಕೆ 60 ರೂ. ಬೀಳುತ್ತದೆ ಎನ್ನುವುದಾದರೆ, 100 ರೂ.ಗೆ ಮಾರಿದಾಗ ಉಳಿಯುವುದು 40 ರೂ. ಬೆಲೆಯನ್ನು 80ಕ್ಕೆ ಇಳಿಸಿದರೆ ಉಳಿಯುವುದು 20 ರೂ. ಬೆಲೆ ಐದರಲ್ಲಿ ಒಂದು ಪಾಲು ಇಳಿದರೆ ಲಾಭ ಅರ್ಧಕ್ಕೆ ಇಳಿಯಿತು. ಮೊದಲಿನ ಆದಾಯ ಬರಬೇಕಾದರೆ ಎರಡರಷ್ಟು ಗಿಡ ಮಾರಬೇಕು. ನೆರೆಯವನು ಇನ್ನೂ ಹತ್ತು ರೂಪಾಯಿ ಇಳಿಸಿದರೆ ಇಬ್ಬರೂ ಮುಳುಗುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕ ಹಾಕಿ ನೋಡಿದ ಮೇಲೆಯೇ ಈ ದಾರಿ ಹಿಡಿಯುವುದು ಲೇಸು.

ಕಾನೂನಿನಲ್ಲಿ ಯಾವುದಕ್ಕೆ ರಕ್ಷಣೆ?

ಕಸಿ ಕಟ್ಟುವ ವಿಧಾನವನ್ನಾಗಲೀ, ಕಸಿಗಿಡ ಮಾರುವ ಯೋಚನೆಯನ್ನಾಗಲೀ ಯಾರೂ ತಮ್ಮದೆಂದು ಬೇಲಿ ಹಾಕಿಕೊಳ್ಳಲಾಗದು. 1970ರ ಪೇಟೆಂಟ್ ಕಾಯಿದೆಯ 3ನೇ ಕಲಮು ಬೇಸಾಯ ಹಾಗೂ ತೋಟಗಾರಿಕೆಯ ವಿಧಾನಗಳನ್ನು ಪೇಟೆಂಟಿನಿಂದ ಹೊರಗಿಟ್ಟಿದೆ. ಹಾಗಾಗದಿದ್ದರೆ ಈ ರೈತನೂ ಬೇರೆಯವರಿಂದ ಕಸಿ ಕಲಿಯಲಾಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಹೆಸರಿನ ಮಾತು ಬೇರೆ. ನರ್ಸರಿಯ ಹೆಸರು ಮತ್ತು ಗುರುತನ್ನು 1999ರ ವ್ಯಾಪಾರ ಚಿಹ್ನೆ ಕಾಯಿದೆಯಡಿ ನೋಂದಾಯಿಸಬಹುದು. ಸಸಿ, ಗಿಡಗಳು 31ನೇ ವರ್ಗಕ್ಕೆ ಸೇರುತ್ತವೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. 2017ರ ನಿಯಮಗಳಂತೆ ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂ. ಶುಲ್ಕ. ನೋಂದಣಿ 10 ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ‘ಸಿಹಿ ಹಲಸು’ ಎಂಬಂಥ, ಸರಕನ್ನು ಬರಿದೆ ವರ್ಣಿಸುವ ಹೆಸರಿಗೆ ನೋಂದಣಿ ಸಿಗುವುದು ಕಷ್ಟ. ನೋಂದಣಿ ಇಲ್ಲದವನಿಗೂ, ಆ ಹೆಸರನ್ನು ತಾನೇ ಮೊದಲಿನಿಂದ ಬಳಸುತ್ತಿದ್ದು ಅದಕ್ಕೆ ಗಿರಾಕಿಗಳಲ್ಲಿ ಮನ್ನಣೆಯಿದೆ ಎಂದು ತೋರಿಸಿದರೆ, ನ್ಯಾಯಾಲಯದಲ್ಲಿ ಪರಿಹಾರವುಂಟು. ಇಲ್ಲಿ ಆಧಾರವಾಗುವುದು ಹಳೆಯ ರಸೀದಿ ಪುಸ್ತಕಗಳೇ. ಅವನ್ನು ಒಲೆಗೆ ಹಾಕುವ ಅಭ್ಯಾಸ ಒಳ್ಳೆಯದಲ್ಲ.

ಇನ್ನು ತಳಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ರೈತರು ಬೆಳೆಸಿ ಉಳಿಸಿಕೊಂಡು ಬಂದ ತಳಿಗಳ ನೋಂದಣಿಗೂ ಅವಕಾಶ ಕೊಟ್ಟಿದೆ. ಮರ ಹಾಗೂ ಬಳ್ಳಿಗಳಿಗೆ 18 ವರ್ಷ, ಉಳಿದ ಬೆಳೆಗಳಿಗೆ 15 ವರ್ಷ ರಕ್ಷಣೆ ಸಿಗುತ್ತದೆ. ಆದರೆ ಇದೇ ಕಾಯಿದೆಯ 39ನೇ ಕಲಮು, ನೋಂದಾಯಿತ ತಳಿಯ ಬೀಜವನ್ನೂ ಉಳಿಸುವ, ಹಂಚುವ, ಮಾರುವ ಹಕ್ಕನ್ನು ಎಲ್ಲ ರೈತರಿಗೂ ಬಿಟ್ಟಿದೆ. ನಿಷೇಧವಿರುವುದು ತಳಿಯ ಹೆಸರಿನ ಚೀಟಿ ಅಂಟಿಸಿ ಬ್ರಾಂಡ್ ಮಾಡಿ ಮಾರುವುದಕ್ಕೆ. ಕಾಯಿದೆಯಲ್ಲಿ ‘ಬೀಜ’ ಎಂದರೆ ಕಸಿಕಡ್ಡಿಯಂಥ ಸಸ್ಯಾಭಿವೃದ್ಧಿಯ ಭಾಗಗಳೂ ಸೇರಿವೆ. ಒಟ್ಟಿನಲ್ಲಿ ನೆರೆಯವನು ಅದೇ ಗಿಡ ಬೆಳೆಸುವುದನ್ನು ತಡೆಯಲಾಗದಿದ್ದರೂ, ಈ ರೈತನ ಹೆಸರು ಹೇಳಿ ಮಾರುವುದನ್ನು ತಡೆಯಬಹುದು.

ಗುಬ್ಬಿ ತಾಲ್ಲೂಕು ಚೇಳೂರಿನ ‘ಸಿದ್ದು’ ಹಲಸಿನ ಸಂಗತಿ ಇಲ್ಲಿ ಗಮನಾರ್ಹ. ತಾಮ್ರಗೆಂಪು ತೊಳೆಯ ಈ ಮರ ಒಂದು ರೈತ ಕುಟುಂಬದ್ದು. 2017ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಆ ರೈತರೊಡನೆ ಒಪ್ಪಂದ ಮಾಡಿಕೊಂಡು, ಕಸಿಗಿಡಗಳ ಮಾರಾಟದಿಂದ ಬರುವ ಹಣದಲ್ಲಿ ಶೇ. 75 ಪಾಲು ರೈತರಿಗೆ ಸೇರುವಂತೆ ಮಾಡಿತು. ಮರದ ಗುಣಗಳನ್ನು ಸಂಸ್ಥೆಯೇ ಪರೀಕ್ಷಿಸಿ ಹೇಳಿದ್ದರಿಂದ ಮೂಲ ಗಿಡ ಎಲ್ಲಿಯದೆಂಬುದು ನಾಡಿಗೇ ತಿಳಿಯಿತು. ಬೋರ್ಡು ಬರೆಸುವುದಕ್ಕಿಂತ ಇದು ದೊಡ್ಡ ಪ್ರಚಾರ.

ಗಿರಾಕಿಗೆ ಗೊತ್ತಾಗುವುದು ತಡವಾಗಿ

ಬಟ್ಟೆ ಕಳಪೆಯೆಂದು ಒಂದು ಒಗೆತಕ್ಕೆ ತಿಳಿಯುತ್ತದೆ. ಹಲಸಿನ ಕಸಿಗಿಡ ಫಲ ಕೊಡಲು ಮೂರು-ನಾಲ್ಕು ವರ್ಷವಾದರೂ ಬೇಕು. ಹಲಸು ಪರಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಬೀಜದ ಸಸಿ ತಾಯಿಯನ್ನು ಹೋಲುವುದಿಲ್ಲ. ಆದರೂ ಬೀಜದ ಸಸಿಯನ್ನೇ ಕಸಿಗಿಡವೆಂದು ಮಾರುವವರಿದ್ದಾರೆ. ಕೊಂಡವನು ನಾಲ್ಕೈದು ವರ್ಷ ನೀರು ಹಾಕಿ ಕಾದು ಮೋಸ ಹೋಗುತ್ತಾನೆ. ಕೆಟ್ಟ ಹೆಸರು ಮಾತ್ರ ಆ ಊರಿನ ನರ್ಸರಿಗಳಿಗೆಲ್ಲ ಅಂಟುತ್ತದೆ. ಮೊದಲಿನ ರೈತನ ನಿಜವಾದ ಅಪಾಯ ಇರುವುದು ಇಲ್ಲಿ, ಇಪ್ಪತ್ತು ರೂಪಾಯಿಯಲ್ಲಲ್ಲ.

ಆದ್ದರಿಂದ ಗಿರಾಕಿಗೆ ಕಸಿಯ ಗಂಟನ್ನು ಬೆರಳಿಟ್ಟು ತೋರಿಸಬೇಕು. ಗಂಟಿನ ಕೆಳಗೆ ಬೇರುಸಸಿಯ ಚಿಗುರು ಬಂದರೆ ಚಿವುಟಬೇಕೆಂದು ಹೇಳಬೇಕು. ಪ್ರತಿ ಗಿಡಕ್ಕೂ ತಳಿ, ತಾಯಿಮರದ ಸಂಖ್ಯೆ, ಕಸಿ ಕಟ್ಟಿದ ತಿಂಗಳು ಬರೆದ ಚೀಟಿ ಕಟ್ಟಬೇಕು. ಅದೇ ವಿವರ ರಸೀದಿಯಲ್ಲೂ ರಿಜಿಸ್ಟರಿನಲ್ಲೂ ಇರಬೇಕು. ಹಣ್ಣಿನ ಕಾಲದಲ್ಲಿ ಗಿರಾಕಿಗಳನ್ನು ತಾಯಿಮರದ ಬುಡಕ್ಕೇ ಕರೆದು ತೊಳೆ ತಿನ್ನಿಸುವುದು ನೂರು ಕರಪತ್ರಗಳಿಗೆ ಸಮ. ನಕಲು ಮಾಡಿದವನು ಗಿಡ ತರಬಲ್ಲ, ನಲವತ್ತು ವರ್ಷದ ಮರ ತರಲಾರ.

ಊರಿಗೆ ಊರೇ ಒಂದು ಬೆಳೆ ಬೆಳೆಯುವ ಕಡೆ ಹೆಸರನ್ನು ಎಲ್ಲರೂ ಸೇರಿ ಕಾಯಬೇಕಾಗುತ್ತದೆ. ಉಡುಪಿಯ ಮಟ್ಟು ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಬೇರೆ ಕಡೆಯ ಗುಳ್ಳ ಅದೇ ಹೆಸರಿನಲ್ಲಿ ಪೇಟೆಗೆ ಬರತೊಡಗಿದಾಗ ಅಲ್ಲಿನ ಬೆಳೆಗಾರರ ಸಂಘ ಕಾಯಿಗಳ ಮೇಲೆ ಸ್ಟಿಕರ್ ಅಂಟಿಸುವ ಕ್ರಮ ತಂದಿತು.

ನೆರೆಯವನೊಡನೆ ಮಾತುಕತೆಯನ್ನೂ ಬಿಡಬಾರದು. ಐದು ಸಾವಿರ ಗಿಡ ಒಟ್ಟಿಗೆ ಕೇಳುವ ಗಿರಾಕಿ ಬಂದಾಗ ಒಬ್ಬನೇ ಪೂರೈಸುವುದು ಕಷ್ಟ. ಅವನು ಬೇರುಸಸಿ ಬೆಳೆಸಿ, ಇವನು ತನ್ನ ಮರದ ಕಡ್ಡಿ ಕಟ್ಟಿ, ಗಿಡಕ್ಕೆ ಇಷ್ಟೆಂದು ಹಂಚಿಕೊಳ್ಳಬಹುದು. ಕರಾರನ್ನು ಕಾಗದದಲ್ಲಿ ಬರೆದು ಇಬ್ಬರೂ ರುಜು ಹಾಕುವುದು ಒಳ್ಳೆಯದು. ಮಾತು ಕೂಡದಿದ್ದರೆ, ಅವನು ಈ ನರ್ಸರಿಯ ಹೆಸರು ಬಳಸಿ ಕೊಟ್ಟ ರಸೀದಿಯನ್ನೋ ಬೋರ್ಡಿನ ಫೋಟೊವನ್ನೋ ದಿನಾಂಕ ಸಹಿತ ಇಟ್ಟುಕೊಂಡು ವಕೀಲರ ಮೂಲಕ ನೋಟಿಸು ಕೊಡಿಸಬೇಕು. ಅದೂ ಮುಂಗಾರಿನ ಮಾರಾಟ ಶುರುವಾಗುವ ಮುನ್ನವೇ.